ಎತ್ತು ಹೂಡದ ದಿನ

ಮುಗದ ಊರಿನ ನಾಲ್ಕು ಪಥದ ರಸ್ತೆಗೆ ಜನರ ಅಭಿಪ್ರಾಯ ಕೇಳಲು ಮೂರು ಸಭೆ ಕರೆದಿದ್ದೆವು. ಒಂದಕ್ಕೂ ಯಾರೂ ಬರಲಿಲ್ಲ. ಮೂರು ಸಲವೂ ‘ಆಕ್ಷೇಪಣೆ ಇಲ್ಲ’ ಎಂದು ಬರೆದ ರಸ್ತೆ ಇಲಾಖೆಯ ಗುಮಾಸ್ತ ನಾನೇ.

ನಾಲ್ಕನೆಯ ಸಭೆ ಸೋಮವಾರ ಬಿತ್ತು. ಪಂಚಾಯ್ತಿ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ.

“ಇಷ್ಟು ದಿನ ಎಲ್ಲಿದ್ರಿ?” ಎಂಜಿನಿಯರ್ ಸಾಹೇಬರು ಸಿಡುಕಿದರು.

“ಬಿತ್ತಾಕತ್ತಿದ್ವಿರಿ,” ಎಂದಳು ಮುಂದೆ ಕೂತಿದ್ದ ರೈತ ಹೆಂಗಸು ಸಂಗವ್ವ. “ಸೋಮವಾರ ಬಸವಣ್ಣನ ವಾರ, ಎತ್ತು ಹೂಡಂಗಿಲ್ಲ. ಅದಕ್ಕ ಇವತ್ತ ಬಂದ್ವಿ. ನೀವು ನಡುವ ಡಿವೈಡರ್ ಕಟ್ಟಿದ್ರ ಆಚಿ ಹೊಲಕ್ಕ ನಾಕು ಕಿಲೋಮೀಟರ್ ಸುತ್ತಬೇಕು. ದಾಟಾಕ ದಾರಿ ಬಿಡ್ರಿ.”

ಅವಳು ಚಾಚಿದ ಅರ್ಜಿಯನ್ನು ಸಾಹೇಬರು ಮುಟ್ಟಲಿಲ್ಲ. “ಈ ಸಭೆ ಬರೀ ಮಾಹಿತಿಗೆ. ಆಕ್ಷೇಪಣೆಯ ಗಡುವು ನಿನ್ನೆಗೇ ಮುಗಿದಿದೆ.”

ಹಿಂದಿನ ಸಾಲುಗಳು ಎದ್ದು ನಿಂತವು. ಬಾಗಿಲ ಬಳಿಯ ಪೊಲೀಸ್ ಪೇದೆ ಲಾಠಿ ಬಿಗಿಹಿಡಿದ. ಸಂಗವ್ವ ಚಾಚಿದ ಕೈ ಹಿಂದೆಗೆಯಲಿಲ್ಲ.

“ನಿನ್ನೆ ನಿಮ್ಮ ಆಫೀಸಿಗೆ ಬಂದಿದ್ದೆರಿ. ಕೀಲಿ ಹಾಕಿತ್ತು. ಐತವಾರ.”

ಸಾಹೇಬರು ನನ್ನತ್ತ ತಿರುಗಿದರು. ಮೂರು ಸಲ ‘ಆಕ್ಷೇಪಣೆ ಇಲ್ಲ’ ಎಂದು ಬರೆದ ಪುಸ್ತಕದಲ್ಲಿ ಹೊಸ ಪುಟ ತೆರೆದೆ.

“ರಜಾದಿನ ಗಡುವು ಬಿದ್ರ ಮರುದಿನ ಅರ್ಜಿ ತಗೋಬೇಕ್ರಿ, ಸರ್,” ಎಂದೆ.

ಸಂಗವ್ವ ಅರ್ಜಿಯನ್ನು ನನ್ನ ಮುಂದಿಟ್ಟಳು.

“ನಿನ್ನೆ ನಿಮ್ಮ ಸೂಟಿ, ಇವತ್ತ ನಮ್ಮ ಎತ್ತಿನ ಸೂಟಿ. ಬರಕೋರಿ.”