ಕೋಲು ಊರುವ ಜಾಗ

೨೦೨೫ರ ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತು. ಹಲವಾಗಲಿನ ಹೊಳೆದಂಡೆಯಲ್ಲಿ ಬಿಳಿ ಬಟ್ಟೆ ತೊಟ್ಟ ಐದು ಮಂದಿ ದೀಕ್ಷಾಸ್ನಾನಕ್ಕೆ ಕಾದು ನಿಂತಿದ್ದರು. ಹರಪನಹಳ್ಳಿಯ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಒಂದು ರೂಢಿಯಿತ್ತು. ಎಲ್ಲರಿಗಿಂತ ಮೊದಲು ಸಭೆಯ ಹಿರಿಯರು ನದಿಗಿಳಿದು, ಎದೆಮಟ್ಟ ನೀರು ಬಂದಲ್ಲಿ ಬಿದಿರುಕೋಲು ಊರಬೇಕು. ಆಮೇಲೆ ಪಾಸ್ಟರು, ಉಳಿದವರು ಆ ಕೋಲಿನವರೆಗೆ ನಡೆಯಬೇಕು. ಹಿರಿಯರೆಂದರೆ ಸಮಾಧಾನಪ್ಪ. ಎಪ್ಪತ್ತು ದಾಟಿದರೂ ಆ ಕೋಲನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಅದರಿಂದ ಆಳ ನೋಡುತ್ತಲೂ ಇರಲಿಲ್ಲ. ಹೆಗಲಿಗೇರಿಸಿ, ಕಣ್ಣು ಮುಚ್ಚಿ, ಹಾಡುತ್ತ ನಡೆಯುವರು. ಅಳೆದು ಇಳಿದರೆ ನಂಬಿಕೆಗೆ ಏನು ಕೆಲಸ ಎನ್ನುವುದು ಅವರ ವಾದ.

"ಅಪ್ಪಾ, ಕೋಲು ಮುಂದ ಊರ್ಕೊಂತ ಹೋಗು!" ದಂಡೆಯಿಂದ ಮಗಳು ಸುಮಲತಾ ಕೂಗಿದಳು. ಅವಳು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ.

"ಮೇಡಮ್ಮಾರ ಕ್ಲಾಸು ಇಲ್ಲೂ ಶುರುವಾತು ನೋಡ್ರಿ," ಎಂದು ಯಾರೋ ನಕ್ಕರು.

ಅವಳ ಭಯಕ್ಕೆ ಕಾರಣವಿತ್ತು. ಹಿಂದಿನ ಸೆಪ್ಟೆಂಬರಿನಲ್ಲಿ ಪಾಸ್ಟರ್ ಅರುಣ್ ಕುಮಾರ್ ಸೃಷ್ಟಿಯ ಭಾನುವಾರವೆಂದು ಆಚರಿಸಿ ಪ್ರಸಂಗ ಮಾಡಿದ್ದರು. ದೇವರು ತೋಟವನ್ನು ಆದಾಮನ ಹೆಸರಿಗೆ ಬರೆದುಕೊಡಲಿಲ್ಲ, ಕಾಯಲು ಬಿಟ್ಟ. ಹೊಳೆಗೂ ಮಣ್ಣಿಗೂ ನಾವು ಜವಾಬು ಹೇಳಬೇಕು ಎಂದಿದ್ದರು. ಸುಮಲತಾಳ ಕಣ್ಣು ತುಂಬಿತ್ತು. ಡಿಸೆಂಬರಿನಲ್ಲಿ ಸಭೆ ಕಟ್ಟಿಸುತ್ತಿದ್ದ ಹೊಸ ಪ್ರಾರ್ಥನಾ ಮಂದಿರದ ಗೋಡೆಗೆ ಮರಳು ಬಂದು ಬಿತ್ತು. ಟ್ರ್ಯಾಕ್ಟರ್ ಮಾಲೀಕ ಜಂಬಣ್ಣ ಕೊಟ್ಟ ಕಾಣಿಕೆ. ಎಲ್ಲಿಯದಿದು ಎಂದು ಅವಳು ಕೇಳಿದ್ದಕ್ಕೆ ಪಾಸ್ಟರ್ ನಗುತ್ತಲೇ ಹೇಳಿದ್ದರು: "ದೇವರ ಮನಿಗೆ ದೇವರ ಹೊಳಿ ಕೊಟ್ಟೈತಿ, ಸಿಸ್ಟರ್. ಪ್ರಸಂಗ ಬ್ಯಾರೆ, ಪ್ಲಾಸ್ಟರ್ ಬ್ಯಾರೆ."

ಅಂದೂ ಕಣ್ಣು ಮುಚ್ಚಿಯೇ ನೀರಿಗಿಳಿದ ಸಮಾಧಾನಪ್ಪ ಹಾಡಿನ ಎರಡನೆಯ ಸಾಲಿಗೆ ಕಾಣಲಿಲ್ಲ. ಕೋಲು ಮಾತ್ರ ತೇಲುತ್ತಿತ್ತು.

ತುಸು ದೂರದಲ್ಲಿ ಟೆಂಪೋ ತೊಳೆಯುತ್ತಿದ್ದ ಮೆಕ್ಯಾನಿಕ್ ಅತಾವುಲ್ಲಾ ನೀರಿಗೆ ಹಾರಿದ. ಎರಡು ಸಲ ಮುಳುಗಿ, ಅಂಗಿಯ ಕಾಲರ್ ಹಿಡಿದು ಎಳೆದು ತಂದ. ಮಗ್ಗುಲಿಗೆ ಹೊರಳಿಸಿದಾಗ ಮುದುಕರು ಕೆಮ್ಮಿ ನೀರು ಕಾರಿದರು.

"ಅಲ್ಲಿಗ್ಯಾಕ ಇಳಿದ್ರಿ ಯಜ್ಜಾರ?" ಅತಾವುಲ್ಲಾ ಏದುತ್ತ ಕೇಳಿದ. "ಡಿಸೆಂಬರ್‌ನಾಗ ಜಂಬಣ್ಣನ ಟ್ರ್ಯಾಕ್ಟರ್ ಅಲ್ಲೇ ತುಂಬಿದ್ದು. ನಿಮ್ಮ ಚರ್ಚಿಗೇ ಹೊಡದಾರ, ನಿಮಗ ಗೊತ್ತಿಲ್ಲೇನು?"

ಪಾಸ್ಟರ್ ಕೈಯೆತ್ತಿ ಸ್ತೋತ್ರ ಹೇಳತೊಡಗಿದರು.

ಸೋಮವಾರ ಸುಮಲತಾ ಹರಿಗೋಲು ಹತ್ತಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಆ ಜಾಗವನ್ನು ಅಳೆದು ಬಂದಳು. ಮಂದಿರದ ಚಾವಣಿ ಇನ್ನೂ ಬಾಕಿಯಿತ್ತು; ಅದಕ್ಕೂ ಹೊಳೆಯ ಮರಳೇ ಬರುವುದಿತ್ತು. ಅದನ್ನು ತಡೆಯಬಲ್ಲವರು ಒಬ್ಬರೇ.

"ಭಾನುವಾರ ನೀನು ದೇವರು ಉಳಿಸಿದ್ದರ ಸಾಕ್ಷಿ ಹೇಳೋದೈತಲ್ಲಪ್ಪ, ಆವಾಗ ಹೇಳು. ನಾವೇ ತೋಡಿಸಿದ ಗುಂಡಿ ಅದು, ಇನ್ನ ಮರಳು ಬ್ಯಾಡ ಅಂತ. ನನ್ನ ಮಾತಿಗೆ ನಗ್ತಾರ, ನಿನ್ನ ಮಾತಿಗೆ ನಗಂಗಿಲ್ಲ."

"ಹೇಳ್ತೀನವ್ವ," ಎಂದರು ಸಮಾಧಾನಪ್ಪ.

ಭಾನುವಾರ ಅವರು ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತರು. "ಕತ್ತಲಿ ಅಂದ್ರ ಕತ್ತಲಿ. ಆವಾಗೊಂದು ಕೈ ಬಂತು. ಅದು ದೇವರ ಕೈ!"

ಹಲ್ಲೆಲೂಯಾ ಮುಗಿಲು ಮುಟ್ಟಿತು. ಗುಂಡಿಯ ಸುದ್ದಿಯಿಲ್ಲ, ಮರಳಿನ ಸುದ್ದಿಯಿಲ್ಲ. ಅವರು ಮುಳುಗಿದ ತಾಣ ಇನ್ನು ಮುಂದೆ ಅದ್ಭುತದ ಜಾಗ ಎಂದರು ಪಾಸ್ಟರ್. ಚಾವಣಿಯ ಮರಳು ನಾಳೆಯೇ ಬರುತ್ತದೆ ಎಂದದ್ದಕ್ಕೆ ಚಪ್ಪಾಳೆಯೂ ಬಿತ್ತು.

ಪಕ್ಕಕ್ಕೆ ಬಂದು ಕುಳಿತ ಅಪ್ಪನನ್ನು ಸುಮಲತಾ ಪಿಸುದನಿಯಲ್ಲಿ ಕೇಳಿದಳು: "ಅದು ಅತಾವುಲ್ಲಾನ ಕೈ ಅಲ್ಲೇನಪ್ಪ?"

"ಅವನ್ನ ಕಳಿಸಿದಾವ ಯಾರು? ಇಷ್ಟು ವರ್ಷ ಕೋಲು ಹೊತ್ತೆ. ದೇವರು ನನ್ನ ಕಡೆ ಒಮ್ಮೆ ತಿರುಗಿ ನೋಡ್ಯಾನ. ಅದನ್ನೂ ಅಳೀಬ್ಯಾಡ, ಸುಮ್ಮನ ಕುಂದ್ರು."

ಅವಳು ಕೂರಲಿಲ್ಲ. ಎದ್ದು ಹೋಗಿ, ತನ್ನದೂ ಒಂದು ಸಾಕ್ಷಿ ಇದೆ ಎಂದಳು. ಅಪ್ಪ ತಲೆ ತಗ್ಗಿಸಿದರು. ಜಂಬಣ್ಣನ ಹೆಸರು ಬರುತ್ತಲೇ ಯಾರೋ ಮೈಕ್ ಆರಿಸಿದರು. ಮೈಕಿಲ್ಲದೆಯೇ ಅವಳು, ತರಗತಿಯಲ್ಲಿ ಹೇಳುವಷ್ಟೇ ದನಿಯಲ್ಲಿ, ಹೇಳಿ ಮುಗಿಸಿದಳು: ಅಪ್ಪ ಕೋಲು ಊರುತ್ತಿದ್ದ ಜಾಗದಲ್ಲಿ ಈಗ ನೀರಿನ ಆಳ ಹದಿಮೂರು ಅಡಿ ಒಂದು ಇಂಚು.