ಎರಡು ತಾರೀಖು

"ಮೊದಲು ಇವನ್ನೆಲ್ಲ ಇಳಿಸಿಬಿಡಿ ಸಾರ್. ನಮ್ಮ ಕಂಪನಿ ಬೋರ್ಡಿನ ಮಾತು ಆಮೇಲೆ," ಎಂದು ರೇಣುಕಾಪ್ರಸಾದ್ ಗೋಡೆಯ ಕಡೆ ಕೈ ತೋರಿಸಿದ.

ಗೋಡೆಯ ಮೊಳೆಗಳಲ್ಲಿ ಇಪ್ಪತ್ಮೂರು ಸತ್ತ ಗ್ರಾಫಿಕ್ಸ್ ಕಾರ್ಡುಗಳು ನೇತಾಡುತ್ತಿದ್ದವು. ಪಿರಿಯಾಪಟ್ಟಣದಲ್ಲಿ ಪ್ರಭುಸ್ವಾಮಿ ಕಂಪ್ಯೂಟರ್ ಅಂಗಡಿ ಇಟ್ಟ ಹನ್ನೆರಡು ವರ್ಷದಲ್ಲಿ, ವಾರಂಟಿ ಮುಗಿದ ಮೇಲೆ ಕೆಟ್ಟು ವಾಪಸು ಬಂದವು. ಯಾವ ಕಾರ್ಡು ಮಾರಿದರೂ ಅದರ ಬೆನ್ನಿಗೆ ಬಿಳಿ ಪೇಂಟ್ ಪೆನ್ನಿನಲ್ಲಿ ತಾರೀಖು ಬರೆದು, ಕೆಳಗೆ ಒಂದು ಸಾಲಿನಷ್ಟು ಜಾಗ ಬಿಡುವುದು ಅವನ ಪದ್ಧತಿ. ಕೆಟ್ಟು ಬಂದ ದಿನ ಆ ಜಾಗದಲ್ಲಿ ಎರಡನೆಯ ತಾರೀಖು ಬೀಳುತ್ತಿತ್ತು, ಕಾರ್ಡು ಗೋಡೆ ಹತ್ತುತ್ತಿತ್ತು. ಗಿರಾಕಿಗಳು ಡಬ್ಬಿಯ ಮೇಲಿನ ಬಣ್ಣದ ಚಿತ್ರ ನೋಡುತ್ತಿರಲಿಲ್ಲ, ಗೋಡೆ ಓದುತ್ತಿದ್ದರು. ಕಾರ್ವಿನ್, ಝೆಫ್ರಾ ಎಂಬ ಎರಡು ಕಂಪನಿಗಳ ಕಾರ್ಡುಗಳನ್ನು ಅವನು ಸರಿಸಮವಾಗಿ ಮಾರಿದ್ದ. ಗೋಡೆಯ ಮೇಲೆ ಮಾತ್ರ ಕಾರ್ವಿನ್ ನಾಲ್ಕು, ಝೆಫ್ರಾ ಹತ್ತೊಂಬತ್ತು.

ರೇಣುಕಾಪ್ರಸಾದ್ ಮೈಸೂರಿನಿಂದ ಬಂದಿದ್ದ ಝೆಫ್ರಾ ಕಂಪನಿಯ ಮನುಷ್ಯ. ಇಸ್ತ್ರಿ ಮುರಿಯದ ಅಂಗಿ, ಮುರಿಯದ ನಗು.

"ನಾನೇನು ಸುಳ್ಳು ಬರ್ದಿಲ್ಲ ಕಣ್ರೀ. ವಾಪಸ್ ಬಂದ ತಾರೀಕು ಬರ್ದಿವ್ನಿ, ಅಷ್ಟೆಯ," ಎಂದ ಪ್ರಭುಸ್ವಾಮಿ.

"ಸುಳ್ಳು ಅಂತ ನಾನೆಲ್ಲಿ ಅಂದೆ? ನಿಜ ಆಗಿರೋದಕ್ಕೇ ತೆಗೀರಿ ಅಂತಿರೋದು. ಎದುರುಗಡೆ ಕನಕರಾಜು ಕಾರ್ವಿನ್ ಡೀಲರ್ ಆಗಿದಾನೆ. ಇನ್ಮೇಲೆ ಆ ಮಾಲು ನಿಮಗೆ ಸಿಗಲ್ಲ. ನಾವೂ ಕೈ ಬಿಟ್ರೆ ಏನು ಮಾರ್ತೀರಿ, ಮೌಸ್ ಪ್ಯಾಡಾ?"

ಎರಡು ತಿಂಗಳಿಂದ ಅಂಗಡಿಯಲ್ಲಿ ನಡೆದಿದ್ದ ವ್ಯಾಪಾರವೆಂದರೆ ಜೆರಾಕ್ಸು, ಪಹಣಿ ಪ್ರಿಂಟು. ಪ್ರಭುಸ್ವಾಮಿ ನಾಲ್ಕು ದಿನ ಯೋಚಿಸಿದ. ಐದನೆಯ ದಿನ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಕಾರ್ಡುಗಳನ್ನು ಒಂದೊಂದಾಗಿ ಇಳಿಸಿ ಗೋಣಿಚೀಲಕ್ಕೆ ತುಂಬಿ ಕೌಂಟರಿನ ಕೆಳಗೆ ತಳ್ಳಿದ. ಮೊಳೆ ಕಿತ್ತ ತೂತುಗಳ ಮೇಲೆ ಕಂಪನಿಯವರು ಫ್ಲೆಕ್ಸ್ ಹೊಡೆದು ಹೋದರು. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ನಂಬಿಕೆಗೆ ಝೆಫ್ರಾ' ಎಂದಿತ್ತು.

ಮುಂದಿನ ಸೋಮವಾರವೇ ಸ್ಪಂದನಾ ಬಂದಳು. ಬೆಟ್ಟದಪುರದಲ್ಲಿ ಮದುವೆ ವಿಡಿಯೊ ತೆಗೆದು, ತಾನೇ ಮಿಕ್ಸಿಂಗ್ ಮಾಡಿಕೊಡುವ ಹುಡುಗಿ. ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಹಳೆಯ ಕಾರ್ಡನ್ನು ಕೌಂಟರಿನ ಮೇಲಿಟ್ಟಳು.

"ನಿಂತೋಯ್ತು ಕಣಣ್ಣ. ನೀವು ಕೊಟ್ಟಿದ್ದ ಕಾರ್ವಿನ್ನು, ಆರು ವರ್ಸ ದುಡೀತು ಪಾಪ. ಮೂರು ಮದ್ವೆ ವಿಡಿಯೊ ಅಂಗೇ ಬಿದ್ದೈತೆ. ಈಗ ಯಾವುದು ತಗೊಳ್ಳಿ?" ಎನ್ನುತ್ತ ತಲೆಯೆತ್ತಿ ಗೋಡೆ ನೋಡಿದಳು. "ಕಾರ್ಡೆಲ್ಲ ಎಲ್ಲೋದವು?"

"ಧೂಳು ಕೂತಿತ್ತು. ಇಳಿಸ್ದೆ."

ಎದುರಿನ ಅಂಗಡಿಯಲ್ಲಿ ಕನಕರಾಜು ಕಾರ್ವಿನ್ ಡಬ್ಬಿಗಳನ್ನು ಜೋಡಿಸುತ್ತಿದ್ದುದು ಇಲ್ಲಿಂದಲೇ ಕಾಣುತ್ತಿತ್ತು. ರಸ್ತೆ ದಾಟಿದರೆ ಸಾಕು. ಅಲ್ಲಿಗೋಗು ಕಣವ್ವ ಎಂಬ ಮಾತು ಪ್ರಭುಸ್ವಾಮಿಯ ಗಂಟಲವರೆಗೂ ಬಂತು.

"ಝೆಫ್ರಾ ತಗೊ," ಎಂದ.

"ಅವತ್ತು ನೀವೇ ಅದು ಬ್ಯಾಡ ಅಂದಿದ್ರಿ."

"ಅದು ಅವಾಗ. ಈಗ ಸುಧಾರಿಸವ್ರೆ."

ಸ್ಪಂದನಾ ಫ್ಲೆಕ್ಸಿನ ಕಡೆ ಇನ್ನೊಮ್ಮೆ ನೋಡಿದಳು. "ಅದೇ ಅನ್ಕಂಡೆ. ನೀವು ಬೋರ್ಡ್ ಆಕ್ಸಿದೀರ ಅಂದ್ರೆ ಒಳ್ಳೇದೇ ಇರ್ಬೇಕು. ಕನಕರಾಜಣ್ಣನ್ನೂ ಒಂದ್ಮಾತು ಕೇಳನ ಅಂತಿದ್ದೆ. ಬುಡಿ, ಅವ್ರು ತಾವು ಮಾರೋದ್ನೇ ಒಳ್ಳೇದು ಅಂತಾರೆ."

ಅವಳು ಕೊಂಕು ನುಡಿದಿದ್ದರೆ ಪ್ರಭುಸ್ವಾಮಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳ ಮುಖದಲ್ಲಿ ಕೊಂಕಿರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಕೈ ಮೇಲಿನ ಶೆಲ್ಫಿಗೆ ಹೋಗಿ ಝೆಫ್ರಾ ಡಬ್ಬಿಯನ್ನು ಇಳಿಸಿತು. ಕಾರ್ಡು ತೆಗೆದು ತೋರಿಸಿದ, ಬಿಲ್ಲು ಬರೆದ.

"ಹಳೇದು ಇಲ್ಲೇ ಇರ್ಲಿ ಅಣ್ಣ. ಮತ್ತೆ ಗೋಡೆಗೆ ಆಕಿದಾಗ ಇದ್ನೂ ಆಕಿ. ಆರು ವರ್ಸ ಬಂದಿದ್ದು ನಾಕು ಜನ ನೋಡ್ಲಿ."

ಅವನು ಅದನ್ನು ಕೌಂಟರಿನ ಕೆಳಗಿನ ಗೋಣಿಚೀಲಕ್ಕೆ ಹಾಕಿ, ಹೊಸದನ್ನು ಡಬ್ಬಿಗೆ ತುಂಬಲು ಹೊರಟ.

"ತಾರೀಕು ಬರೀಲೇ ಇಲ್ವಲ್ಲ," ಎಂದಳು ಸ್ಪಂದನಾ.

ಪೇಂಟ್ ಪೆನ್ನು ಡ್ರಾಯರಿನ ಮೂಲೆಯಲ್ಲಿತ್ತು. ಎರಡು ತಿಂಗಳಿಂದ ಮುಟ್ಟದೆ ಬಾಯಿ ಕಟ್ಟಿಕೊಂಡಿತ್ತು. ಅಲ್ಲಾಡಿಸಿ, ರಟ್ಟಿನ ಚೂರಿನ ಮೇಲೆ ಗೀಚಿ ಗೀಚಿ ಬಣ್ಣ ಬರಿಸಿದ. ಕಾರ್ಡನ್ನು ಬೋರಲು ಹಾಕಿ ಅಂದಿನ ತಾರೀಖು ಬರೆದ. ಬರೆದ ಮೇಲೆ ನೋಡಿದರೆ, ಕೈ ಎಂದಿನಂತೆ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟಿತ್ತು.

ಸ್ಪಂದನಾ ಹಸಿ ಬಣ್ಣ ಆರಲೆಂದು ಬಗ್ಗಿ ಮೆಲ್ಲಗೆ ಊದಿದಳು.