ಕೀಲಿ ಗಾಡಿಯಲ್ಲೇ ಇರಬೇಕು

ಗಾಡಿಯ ಕೀಲಿಯನ್ನು ಗಾಡಿಯಿಂದ ಎಂದೂ ತೆಗೆಯುವುದಿಲ್ಲ ಎಂದು ಮಗ ಅಪ್ಪನಿಗೆ ಮಾತು ಕೊಟ್ಟು ವರ್ಷಗಳೇ ಆಗಿದ್ದವು. ಕೊಟ್ಟದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಅಪ್ಪನ ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅಲ್ಲಿಂದ ಮುಂದಕ್ಕೆ ಹೊದಿಕೆ ಹಾಸಿಗೆಗೆ ಅಂಟಿಕೊಂಡು ಮಲಗಿತ್ತು.

ಗುಡ್ಡದ ಮೇಲಿನ ಸಸಿಮಡಿಗೆ ಕಲ್ಲು ಕಟ್ಟುವಾಗ ಚಪ್ಪಡಿಯೊಂದು ಜಾರಿ ಆ ಕಾಲಿನ ಮೇಲೆ ಕೂತಿತ್ತು. ಅದನ್ನು ಹಗ್ಗ ಕಟ್ಟಿ ಎಳೆಯಬಲ್ಲ ಗಾಡಿ ಕೆಳಗೆ ಮನೆಯ ಮುಂದೆಯೇ ನಿಂತಿತ್ತು. ಕೀಲಿ ಮಗನ ಜೇಬಿನಲ್ಲಿತ್ತು, ಮಗ ಪೇಟೆಯಲ್ಲಿದ್ದ.

"ತಪ್ಪು ನಿಂದಲ್ಲ, ಜೇಬಿಂದು," ಎಂದಿದ್ದರು ಅಪ್ಪ. "ಇನ್ಮೇಲೆ ಕೀಲಿ ಗಾಡೀಲೇ ಇರ್ಬೇಕು. ಯಾರೇ ಕೂತು ತಿರುಗಿಸಿದ್ರೂ ಹೊರಡ್ಬೇಕು."

"ಆಯ್ತಪ್ಪ."

"ಆಯ್ತಪ್ಪ ಅಲ್ಲ. ಮಾತು ಕೊಡು."

ಕೊಟ್ಟ.

ಆ ಗಾಡಿ ಹೋಗಿ ಈಗಿನದು ಬಂದಿತ್ತು. ಅಗಲ ಟೈರಿನ, ಗಿಡ್ಡ ಮೈಯ, ಕಲ್ಲು ಕೆಸರು ಯಾವುದನ್ನೂ ಲೆಕ್ಕಿಸದೆ ಹತ್ತುವ ನಾಲ್ಕು ಚಕ್ರದ ಗಾಡಿ. ಮಾರಿದವರು ಎಟಿವಿ ಎಂದರು, ಮನೆಯಲ್ಲಿ ಅದು ಏಡಿ. ಗುಡ್ಡದ ಮೇಲಿನ ಮಡಿಗಳಿಗೆ ಮಣ್ಣು, ಗೊಬ್ಬರ, ನೀರಿನ ಪೈಪು, ಕೆಳಕ್ಕೆ ಸಸಿಯ ಟ್ರೇಗಳು, ಎಲ್ಲವೂ ಅದರ ಬೆನ್ನ ಮೇಲೆಯೇ ಹೋಗಿ ಬರಬೇಕು. ಏಡಿ ಇಲ್ಲದಿದ್ದರೆ ಮೇಲಿನ ಮಡಿಗಳಿಲ್ಲ, ಮೇಲಿನ ಮಡಿಗಳಿಲ್ಲದಿದ್ದರೆ ನರ್ಸರಿಯ ಬೋರ್ಡು ಇಳಿಸಿ ಒಲೆಗೆ ಹಾಕಬೇಕು ಎಂದು ಸೊಸೆ ಹೇಳುತ್ತಿದ್ದಳು.

ಗುಡ್ಡದ ಆಚೆ ದನದ ಡಾಕ್ಟರ ಬಳಿಯೂ ಇಂಥದೇ ಗಾಡಿ ಇತ್ತು. ಒಂದು ಬೆಳಿಗ್ಗೆ ಬೀಗ ಹಾಕಿದ್ದ ಅವರ ಶೆಡ್ಡಿನಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಮುಂದಿನ ವಾರ ಮರದ ಮಿಲ್ಲಿನವರದು ಹೋಯಿತು.

ವೆಲ್ಡಿಂಗ್ ಮಾಡುವ ಗೆಳೆಯ, ಎಲ್ಲರ ಬಾಯಲ್ಲಿ ಕಿಡಿ, ಗೇಟಿನ ಕೀಲು ಬೆಸೆಯಲು ಬಂದವನು ಏಡಿಯನ್ನು ಕಂಡು ಕನ್ನಡಕ ಹಣೆಗೇರಿಸಿದ.

"ಇದೇನೋ, ಕೀಲಿ ಅದರಲ್ಲೇ ನೇತಾಡ್ತಿದೆ? ಕಳ್ಳನಿಗೆ ಒಂದು ಲೋಟ ನೀರೂ ಇಟ್ಬಿಡು, ಪಾಪ, ದೂರದಿಂದ ಬಂದಿರ್ತಾನೆ."

"ಅಪ್ಪನ ಆರ್ಡರು."

"ನೆಲಕ್ಕೆ ಕಾಂಕ್ರೀಟ್ ಹಾಕಿ ಕಬ್ಬಿಣದ ಬಳೆ ಹೂತು ಕೊಡ್ತೀನಿ. ದಪ್ಪ ಸರಪಳಿ ಹಾಕು, ಬೀಗ ಜಡಿ. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋಕೆ ನನ್ನ ಕರೀಬೇಡ."

ಜಗಲಿಯಿಂದ ಅಪ್ಪನ ಧ್ವನಿ ಬಂತು. "ಲೋ ಕಿಡಿ, ಗೇಟು ಬೆಸೆಯೋಕೆ ಬಂದೋನು ಗೇಟು ಬೆಸಿ. ಸರಪಳಿ ಬೇಕಾದ್ರೆ ನಿನ್ನ ಬಾಯಿಗೆ ಹಾಕ್ಕೋ."

ಕಿಡಿ ನಕ್ಕು ಕನ್ನಡಕ ಇಳಿಸಿಕೊಂಡ. ಮಗ ನಗಲಿಲ್ಲ. ಸರಪಳಿ ಹಾಕಿದರೆ ಮಾತು ಹೋಗುತ್ತದೆ, ಹಾಕದಿದ್ದರೆ ಗಾಡಿ ಹೋಗುತ್ತದೆ. ಹಾವು ಸಾಯಬೇಕು, ಕೋಲು ಮುರಿಯಬಾರದು. ಎರಡು ದಿನ ಅದನ್ನೇ ಯೋಚಿಸಿ, ಒಂದು ಸಣ್ಣ ಸ್ವಿಚ್ಚು ಮತ್ತು ಮೊಳದುದ್ದ ವೈರು ತಂದ. ಅಪ್ಪ ಊಟದ ಮೇಲಿನ ನಿದ್ದೆಯಲ್ಲಿದ್ದಾಗ ಏಡಿಯ ಸೀಟು ಎತ್ತಿ, ಪ್ಲಗ್ಗಿಗೆ ಕರೆಂಟು ಕೊಡುವ ವೈರಿನ ನಡುವೆ ಸ್ವಿಚ್ಚನ್ನು ಸೇರಿಸಿ, ಸೀಟಿನ ಅಂಚಿನ ಕೆಳಗೆ ಬೆರಳಿಗೆ ಮಾತ್ರ ಸಿಗುವಂತೆ ಕೂರಿಸಿದ. ಸ್ವಿಚ್ಚು ಆರಿಸಿದ್ದರೆ ಕೀಲಿ ತಿರುಗುತ್ತದೆ, ದೀಪ ಹತ್ತುತ್ತದೆ, ಎಂಜಿನ್ನು ಕರಕರ ಎನ್ನುತ್ತದೆ, ಹೊತ್ತಿಕೊಳ್ಳುವುದಿಲ್ಲ.

ಹೆಂಡತಿಯ ಬೆರಳು ಹಿಡಿದು ಜಾಗ ತೋರಿಸಿದ.

"ಕಳ್ಳ ಸ್ವಿಚ್ಚು," ಎಂದಳು ಅವಳು. "ಕಳ್ಳನಿಗಿಂತ ದೊಡ್ಡ ಕಳ್ಳ ನೀವು. ಮಾವನಿಗೆ ತೋರಿಸಿ."

"ಕೀಲಿ ಗಾಡೀಲೇ ಇದೆಯಲ್ಲ."

"ಅದನ್ನ ಕೇಳಲಿಲ್ಲ ನಾನು."

"ತೋರಿಸಿದ್ರೆ ಇದೂ ಬೀಗಾನೇ ಅಂತಾರೆ. ಅಪ್ಪ ಈಗ ಗಾಡಿ ಮುಟ್ಟೋದಾದ್ರೂ ಎಲ್ಲಿ? ಹೇಳ್ತೀನಿ ಬಿಡು, ಸಮಯ ನೋಡಿ."

ಸಮಯ ಬರುವ ಮೊದಲು ಕಳ್ಳ ಬಂದ. ಬೆಳಿಗ್ಗೆ ಎದ್ದು ನೋಡಿದರೆ ಏಡಿ ಗೇಟಿನಾಚೆ ಚರಂಡಿಗೆ ಮೂತಿ ತುರುಕಿ ನಿಂತಿತ್ತು. ತಳ್ಳಿಕೊಂಡು ಅಷ್ಟು ದೂರ ಹೋದವರು ಬೇಸತ್ತು ಬಿಟ್ಟುಹೋಗಿದ್ದರು. ಕೀಲಿಯನ್ನು ಮುಟ್ಟಿ ಮುಟ್ಟಿ ಕೆಸರು ಮೆತ್ತಿದ್ದರು.

ಅಪ್ಪನಿಗೆ ಅದು ಹಬ್ಬವಾಯಿತು. ದನದ ಡಾಕ್ಟರಿಗೆ ಫೋನ್ ಮಾಡಿ ಹೇಳಿದರು, ಹಾಲಿನವನನ್ನು ನಿಲ್ಲಿಸಿ ಹೇಳಿದರು, ಕಿಡಿಯನ್ನು ಕರೆಸಿಯೇ ಹೇಳಿದರು.

"ಬೀಗ ಹಾಕಿದೋರದ್ದೆಲ್ಲ ಹೋಯ್ತು. ಕೀಲಿ ಬಿಟ್ಟೋರದ್ದು ಮನೇಲಿದೆ. ಯಾಕೆ ಹೇಳು? ಕೀಲಿ ನೋಡಿದ ಕೂಡ್ಲೇ ಕಳ್ಳನಿಗೆ ಅನುಮಾನ. ಇದರಲ್ಲಿ ಏನೋ ಉಪಾಯ ಇದೆ ಅಂತ!"

"ಉಪಾಯ ಅಲ್ಲ ತಾತ, ಅಪಾಯ," ಎಂದಳು ಮೊಮ್ಮಗಳು.

"ಅದೇ. ಎರಡೂ ಒಂದೇ."

ಕಿಡಿ ಮಗನ ಮುಖ ನೋಡಿದ. ಮಗ ಟೈರಿಗೆ ಮೆತ್ತಿದ ಕೆಸರು ಕೆರೆಯುತ್ತಿದ್ದ. ಇಷ್ಟು ಸಂತೋಷದಲ್ಲಿರುವವರಿಗೆ ಸೀಟು ಎತ್ತಿ ತೋರಿಸುವುದು ಹೇಗೆ? ಹೇಳುವುದು ಇನ್ನೂ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ರಾತ್ರಿ ಮಾತ್ರ ಆರುತ್ತಿದ್ದ ಸ್ವಿಚ್ಚು ಅಂದಿನಿಂದ ಗಾಡಿ ನಿಂತಾಗಲೆಲ್ಲ ಆರತೊಡಗಿತು.

ಆ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ಮೇಲೆ ಫೋನಿನ ಸಿಗ್ನಲ್ ಇಲ್ಲದ ಕಾರಣ ಗುಡ್ಡ ಹತ್ತುವವರು ಕೊರಳಿಗೆ ವಿಸಿಲ್ ಹಾಕಿಕೊಳ್ಳಬೇಕು. ಒಮ್ಮೆ ಊದಿದರೆ ಕುಡಿಯಲು ಏನಾದರೂ ಕಳಿಸಿ ಎಂದು ಅರ್ಥ. ಬಿಡದೆ ಊದಿದರೆ ಗಾಡಿ ತನ್ನಿ ಎಂದು. ಎರಡನೆಯದನ್ನು ಯಾರೂ ಊದಿರಲಿಲ್ಲ.

ಮಗ ಸಸಿ ತುಂಬಿದ ವ್ಯಾನು ತೆಗೆದುಕೊಂಡು ಪೇಟೆಗೆ ಹೋದ ದಿನ, ಮೊಮ್ಮಗಳು ಶಾಲೆಯಲ್ಲಿದ್ದಾಗ, ಸೊಸೆ ಗುಡ್ಡದ ಮೇಲಿನ ನೀರಿನ ತೊಟ್ಟಿಯ ನಲ್ಲಿ ನೋಡಿ ಬರುತ್ತೇನೆಂದು ನಡೆದೇ ಹತ್ತಿದ್ದಳು. ತೊಟ್ಟಿಯ ಮುಚ್ಚಳದ ಕಲ್ಲು ಸರಿಸಲು ಹೋದಾಗ ಅದು ಜಾರಿ ಅವಳ ಪಾದದ ಮೇಲೆ ಬಿದ್ದು ಅಲ್ಲೇ ಕೂತಿತು.

ಜಗಲಿಯಲ್ಲಿದ್ದ ಅಪ್ಪ ವಿಸಿಲ್ ಕೇಳಿ ಲೋಟ ತರಲು ಏಳುತ್ತಿದ್ದರು. ಅದು ನಿಲ್ಲಲಿಲ್ಲ. ಬಾಡಿಗೆ ಕಾಲು ಎಂದು ತಾವೇ ಕರೆಯುವ ಕೃತಕ ಕಾಲನ್ನು ಕಟ್ಟಿಕೊಂಡು, ಊರುಗೋಲು ಹಿಡಿದು ಏಡಿಯ ಬಳಿ ಬಂದರು. ಅದನ್ನು ಓಡಿಸಲು ಕಾಲು ಬೇಕಾಗಿರಲಿಲ್ಲ, ವೇಗವೂ ಬ್ರೇಕೂ ಕೈಯಲ್ಲೇ ಇದ್ದವು. ಕೂತು ಕೀಲಿ ತಿರುಗಿಸಿದರು. ದೀಪ ಹತ್ತಿತು. ಎಂಜಿನ್ನು ಕರಕರ ಎಂದಿತು, ಹೊತ್ತಿಕೊಳ್ಳಲಿಲ್ಲ.

ಟ್ಯಾಂಕಿನ ಮುಚ್ಚಳ ತೆಗೆದು ಗಾಡಿ ಅಲುಗಿಸಿ ನೋಡಿದರು. ಪೆಟ್ರೋಲ್ ಇತ್ತು. ಮತ್ತೆ ತಿರುಗಿಸಿದರು. ಮಗನಿಗೆ ಫೋನ್ ಮಾಡಿದರು, ವ್ಯಾನು ಓಡಿಸುತ್ತಿದ್ದವನು ಎತ್ತಲಿಲ್ಲ. ಕಿಡಿ ಎತ್ತಿದ, ಹೊರಟೆ ಎಂದ. ಅವನು ಇದ್ದದ್ದು ದೂರ. ಮತ್ತೆ ತಿರುಗಿಸಿದರು. ಕರಕರ ನಿಧಾನವಾಗುತ್ತಿತ್ತು. ಮೇಲೆ ವಿಸಿಲ್ ನಿಂತಿತು.

ಅಪ್ಪ ಇಳಿದು ಗುಡ್ಡ ಹತ್ತತೊಡಗಿದರು. ಸಲೀಸಾದ ಜಾಗದಲ್ಲಿ ಊರುಗೋಲು, ಕಡಿದಾದ ಜಾಗದಲ್ಲಿ ಎರಡು ಕೈ ಒಂದು ಮೊಣಕಾಲು. ತೊಟ್ಟಿ ಮುಟ್ಟುವಾಗ ಬಾಡಿಗೆ ಕಾಲಿನಲ್ಲಿ ಮೊಂಡುಗಾಲು ಕೂರುವ ಬಟ್ಟಲಿನಿಂದ ರಕ್ತ ಇಳಿಯುತ್ತಿತ್ತು. ಸೊಸೆಗೆ ಎಚ್ಚರವಿತ್ತು. ತುಟಿ ಬಿಳಿಚಿತ್ತು.

"ಗಾಡಿ ಎಲ್ಲಿ ಮಾವ?"

"ಸ್ಟಾರ್ಟ್ ಆಗ್ತಿಲ್ಲ ತಾಯಿ. ಏನು ರೋಗ ಬಂತೋ ಅದಕ್ಕೆ."

ಅವಳು ಕಣ್ಣು ಮುಚ್ಚಿದಳು.

"ಸೀಟಿನ ಕೆಳಗೆ ಎಡಕ್ಕೆ ಒಂದು ಸ್ವಿಚ್ಚಿದೆ. ಅದನ್ನ ಒತ್ತಿ ತಿರುಗಿಸ್ಬೇಕು."

ಅಪ್ಪ ಒಂದು ಕ್ಷಣ ಅವಳನ್ನೇ ನೋಡಿದರು. ಊರುಗೋಲನ್ನು ಕಲ್ಲಿನ ಅಡಿಗೆ ಕೊಟ್ಟು ಮೀಟಿದರು, ಅದು ಮುರಿಯಿತು. ಬಂದ ದಾರಿಯಲ್ಲೇ ಕೂತುಕೊಂಡು ಜಾರುತ್ತ ಇಳಿದರು. ಬೆರಳಿಗೆ ಸ್ವಿಚ್ಚು ಸಿಕ್ಕಿತು. ಸೋತ ಬ್ಯಾಟರಿ ಕೊನೆಯ ಉಸಿರಿನಲ್ಲಿ ಎಂಜಿನ್ನನ್ನು ಹೊತ್ತಿಸಿತು. ಮೇಲೆ ಹೋಗಿ, ಕಲ್ಲಿಗೆ ಹಗ್ಗ ಕಟ್ಟಿ, ಏಡಿಯಿಂದ ಎಳೆದರು. ಒಂದೇ ಎಳೆತಕ್ಕೆ ಬಂತು. ಸೊಸೆಯನ್ನು ಹಿಂದೆ ಕೂರಿಸಿಕೊಂಡು ಗೇಟಿಗೆ ಇಳಿದಾಗ ಕಿಡಿ ಎದುರಾದ.

ಸಂಜೆ ಮಗ ಆಸ್ಪತ್ರೆಗೆ ಓಡಿ ಬಂದ. ಹೆಂಡತಿಯ ಪಾದ ಉಳಿದಿತ್ತು, ಮುಂದಿನ ಬೆರಳುಗಳು ಉಳಿದಿರಲಿಲ್ಲ. ಕಲ್ಲು ಬೇಗ ಎತ್ತಿದ್ದರೆ ಅವೂ ಉಳಿಯಬಹುದಿತ್ತು ಎಂದು ಡಾಕ್ಟರು ಹೇಳಿದರು. ಅಪ್ಪ ಪಕ್ಕದ ಬೆಂಚಿನಲ್ಲಿ, ಬಾಡಿಗೆ ಕಾಲನ್ನು ಬಿಚ್ಚಿ ಪಕ್ಕಕ್ಕಿಟ್ಟು, ಮೊಂಡುಗಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಕೂತಿದ್ದರು.

"ಅಪ್ಪಾ," ಎಂದ ಮಗ. "ಕೀಲಿ ಗಾಡೀಲೇ..."

"ಹೂಂ. ಗಾಡೀಲೇ ಇತ್ತು. ನಾನೂ ನೋಡ್ದೆ."

ಅಷ್ಟು ಹೇಳಿ ಅಪ್ಪ ಬಾಡಿಗೆ ಕಾಲಿನ ಪಟ್ಟಿಯನ್ನು ಒರೆಸತೊಡಗಿದರು.

ಕೀಲಿ ಒಂದು ದಿನವೂ ಗಾಡಿಯಿಂದ ಹೊರಗೆ ಬಂದಿರಲಿಲ್ಲ. ಮಾತು ಮುರಿದಿತ್ತು.